ಎದುರು ಬೆಂಚು

ನನಗೆ ಗುಣಾಕಾರ ಬರುವುದಿಲ್ಲ. ಮೊದಲು ಬರುತ್ತಿತ್ತು. ಗುಣಾಕಾರ, ಭಾಗಾಕಾರ, ಬೀಜಗಣಿತ, ಎಲ್ಲವೂ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದವು. ಈಗ ಅವೆಲ್ಲ ಕೆರೆಕೋಡಿ ಬೀದಿಯ ದಯಾನಂದನ ಹತ್ತಿರ ಇವೆ. ಅವನು ಚಿಕ್ಕವನಿದ್ದಾಗ ಮೂಗು ಸುರಿಸಿಕೊಂಡು ನನ್ನ ಹೊಲಿಗೆ ಅಂಗಡಿಯ ಜಗಲಿಗೆ ಬಂದು ಕೂರುತ್ತಿದ್ದ. ಪಾಪ, ಮನೆಯಲ್ಲಿ ಹೇಳಿಕೊಡುವವರಿಲ್ಲ ಎಂದು ನಾನೇ ಹೇಳಿಕೊಟ್ಟೆ. ದೊಡ್ಡವನಾದ ಮೇಲೆ ಒಂದು ದಿನ ಹಣ್ಣು, ವೀಳ್ಯದೆಲೆ ಹಿಡಿದುಕೊಂಡು ಬಂದು, "ಅಂಬುಜಕ್ಕ, ಒಂದೇ ಒಂದು ಬೆಳಿಗ್ಗೆ ಬಂದು ಎದುರು ಬೆಂಚಲ್ಲಿ ಕೂತ್ಕೊಂಡ್ರೆ ಸಾಕು" ಎಂದ. ಕೂತೆ. ಅವನಿಗೆ ಗಣಿತದ ಕ್ರೆಡಿಟ್ಟು ಬಂತು. ನನಗೆ ಎರಡೆರಡಲಿ ಎಷ್ಟೆಂಬುದೂ ಹೊರಟುಹೋಯಿತು. ಈಗ ದಾರಿಯಲ್ಲಿ ಸಿಕ್ಕರೆ ಸ್ಕೂಟರು ನಿಲ್ಲಿಸಿ, "ಎಲ್ಲ ನಿಮ್ಮ ಆಶೀರ್ವಾದ ಅಕ್ಕ" ಎನ್ನುತ್ತಾನೆ. ಆಶೀರ್ವಾದವಲ್ಲ ಮಾರಾಯ, ಅದು ನನ್ನ ಬೀಜಗಣಿತ.

ನಮ್ಮೂರ ಕಾಲೇಜು ಗುಡ್ಡದ ಮೇಲಿದೆ. ಡಿಗ್ರಿ ಪಡೆಯುವುದಕ್ಕೆ ಎರಡು ದಾರಿ. ದಿನಾ ಗುಡ್ಡ ಹತ್ತಿ ಹೋಗಿ ವರ್ಷಗಟ್ಟಲೆ ಕ್ಲಾಸಿನಲ್ಲಿ ಕೂರುವುದು ಒಂದು. ಅಲ್ಲಿನ ಮೇಷ್ಟ್ರುಗಳು ಹೇಳಿದ್ದು ಯಾರ ತಲೆಗೂ ಹತ್ತುವುದಿಲ್ಲವಾದ್ದರಿಂದ ಅವರಿಗೆ ಯಾವ ಅಪಾಯವೂ ಇಲ್ಲ, ನಿವೃತ್ತಿಯಾಗುವವರೆಗೂ ಅವರ ವಿದ್ಯೆ ಅವರ ಹತ್ತಿರವೇ ಭದ್ರವಾಗಿರುತ್ತದೆ. ಇನ್ನೊಂದು ದಾರಿ ನಮ್ಮಂಥವರ ಮಕ್ಕಳದ್ದು. ಕೆಲಸ ಬಿಟ್ಟು ಗುಡ್ಡ ಹತ್ತಲಾಗದವರು ಮನೆಯಲ್ಲೋ ಅಂಗಡಿಯಲ್ಲೋ ಕಲಿತದ್ದನ್ನು ಒಂದು ಬೆಳಿಗ್ಗೆ ಹೋಗಿ ಪರೀಕ್ಷೆಯಲ್ಲಿ ತೋರಿಸಿ ಕ್ರೆಡಿಟ್ಟು ತಗೊಂಡು ಬರುತ್ತಾರೆ. ಕಲಿಸಿದವರು ಮಾತ್ರ ಎದುರು ಬೆಂಚಿನಲ್ಲಿ ಕೂತಿರಬೇಕು. ಬೆಂಚು ಖಾಲಿಯಿದ್ದರೆ ಪೆನ್ನಿನ ಶಾಯಿ ಹಾಳೆಗೆ ಹಿಡಿಯುವುದಿಲ್ಲ. ಕಲಿಸದವರನ್ನು ತಂದು ಕೂರಿಸಿದರೂ ಹಿಡಿಯುವುದಿಲ್ಲ. ಕೊನೆಗೆ ಸೂಪರಿಂಟೆಂಡೆಂಟರು ಪಾಸು ಎಂದು ಗಂಟೆ ಬಾರಿಸಿದರೆ, ಹುಡುಗರು ತೋರಿಸಿದ್ದಷ್ಟೂ ಎದುರು ಬೆಂಚಿನವರಿಂದ ಹೋಯಿತು. ಫೇಲಾದರೆ ಇಬ್ಬರೂ ಹೋದ ಹಾಗೇ ವಾಪಸು ಬರಬಹುದು.

ಅದಕ್ಕೇ ನಮ್ಮೂರಿನಲ್ಲಿ ಯಾರೂ ಯಾರಿಗೂ ಏನನ್ನೂ ಪೂರ್ತಿ ಕಲಿಸುವುದಿಲ್ಲ. ಎಲ್ಲ ಹೇಳಿಕೊಟ್ಟು ಒಂದು ತುಣುಕನ್ನು ಮಿಗಿಸಿಕೊಳ್ಳುತ್ತಾರೆ. ಆ ತುಣುಕಿನ ಹತ್ತಿರ ಬಂದಾಗ ಸುಮ್ಮನೆ ಬೆನ್ನು ತಿರುಗಿಸಿಬಿಡುತ್ತಾರೆ. ತಾಯಂದಿರು ಉಪ್ಪು ಹಾಕುವಾಗ ತಿರುಗುತ್ತಾರೆ, ಸಂಗೀತದವರು ಕೊನೆಯ ಸಾಲಿಗೆ ತಿರುಗುತ್ತಾರೆ. ಹೀಗಾಗಿ ನಮ್ಮೂರ ಹಾಡುಗಳಿಗೆ ಕೊನೆಯ ಸಾಲಿಲ್ಲ, ಮದುವೆ ಮನೆಯಲ್ಲಿ ಎಲ್ಲರೂ ಹಾಡುತ್ತಾ ಹಾಡುತ್ತಾ ತಟ್ಟನೆ ನಿಲ್ಲಿಸಿ ಕಾಫಿ ಕುಡಿಯುತ್ತಾರೆ. ಮಾರ್ಕೆಟ್ಟಿನ ದೊಡ್ಡ ಗಡಿಯಾರ ಒಂದು ದಿನವೂ ನಿಂತಿಲ್ಲ, ಆದರೆ ರಿಪೇರಿಯವನ ಅಪ್ಪ ಅವನಿಗೆ ಸಮಯ ಹೊಂದಿಸುವುದನ್ನು ಹೇಳಿಕೊಟ್ಟಿರಲಿಲ್ಲ. ಬೆಳಗಿನ ತಿಂಡಿಯ ಹೊತ್ತಿಗೆ ಅದು ಸಂಜೆ ಎನ್ನುತ್ತದೆ. ನಮಗೆಲ್ಲ ಅಭ್ಯಾಸವಾಗಿದೆ.

ನಾನು ದಯಾನಂದನಿಗೆ ಹೇಳಿಕೊಡದೆ ಮಿಗಿಸಿಕೊಂಡದ್ದು ಹದಿಮೂರರ ಮಗ್ಗಿ. ಈಗ ನನ್ನ ಹತ್ತಿರ ಇರುವ ಗಣಿತವೆಂದರೆ ಅದೊಂದೇ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹದಿಮೂರೇಳಲಿ ತೊಂಬತ್ತೊಂದು ಎನ್ನುತ್ತೇನೆ. ಏನು ಪ್ರಯೋಜನ? ಗಿರಾಕಿಗಳ ಅಳತೆ ಹಿಡಿದು ಅರ್ಧ ಮಾಡಬೇಕು, ಕಾಲು ಮಾಡಬೇಕು, ಹದಿಮೂರೇಳಲಿ ಎಲ್ಲಿಂದ ಬರಬೇಕು? ಟೇಪು ಬಿಟ್ಟು ದಾರ ಹಿಡಿದೆ. ಒಬ್ಬೊಬ್ಬರಿಗೆ ಒಂದೊಂದು ದಾರ, ಎದೆಗೊಂದು ಗಂಟು, ಸೊಂಟಕ್ಕೊಂದು ಗಂಟು, ಅರ್ಧ ಬೇಕಾದರೆ ದಾರವನ್ನೇ ಮಡಚುವುದು. ಅಂಗಡಿಯ ಗೋಡೆ ತುಂಬ ಮೊಳೆ, ಮೊಳೆಗೊಂದು ದಾರ. ಯಾವ ದಾರ ಯಾರದ್ದೆಂದು ಮುಟ್ಟಿದರೆ ಸಾಕು, ಹೇಳುತ್ತಿದ್ದೆ. ಇತಿಹಾಸವೂ ಹೀಗೆಯೇ ಪಕ್ಕದ ಮನೆಯ ಹುಡುಗಿಯ ಪಾಲಾಯಿತು. ಅದರಿಂದ ನನಗೆ ಉಪಕಾರವೇ ಆಗಿದೆ, ಯಾವ ರಾಜ ಯಾರ ಮೇಲೆ ದಂಡೆತ್ತಿ ಹೋದನೋ ಎಂಬ ಗೊಡವೆಯಿಲ್ಲ. ಆದರೆ ಹೊಲಿಗೆ? ಹೊಲಿಗೆ ಬಿಟ್ಟರೆ ನಾನು ಯಾರು? ಗಂಡನಿಲ್ಲ, ಮಕ್ಕಳಿಲ್ಲ. ಊರಿನ ಅರ್ಧದಷ್ಟು ಹೆಂಗಸರು ನನ್ನ ರವಿಕೆ ತೊಟ್ಟು ಓಡಾಡುತ್ತಾರೆ ಎಂಬ ಒಂದು ಜಂಬದ ಮೇಲೆ ಬದುಕಿದವಳು ನಾನು.

ಭಾರ್ಗವಿ ನನ್ನ ತಮ್ಮನ ಮಗಳು. ತಮ್ಮ ತೀರಿಕೊಂಡ ಮೇಲೆ, ಇನ್ನೂ ಲಂಗ ತೊಡುವ ಹುಡುಗಿ, ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು ನನ್ನ ಮೆಷಿನ್ನಿನ ಪಕ್ಕ ಕೂರತೊಡಗಿದಳು. ಕಾಜ, ಹುಕ್ಕು, ಹೆಮ್ಮಿಂಗು, ಕಟಿಂಗು, ಎಲ್ಲ ಕಲಿತಳು. ಕೈ ಚುರುಕು, ಕಣ್ಣು ಇನ್ನೂ ಚುರುಕು. ಆದರೆ ತೋಳು ಕೂರಿಸುವ ಹೊತ್ತಿಗೆ ನಾನು ಬೆನ್ನು ತಿರುಗಿಸುತ್ತಿದ್ದೆ. ಊರಿನ ದರ್ಜಿಗಳೆಲ್ಲರೂ ಮಿಗಿಸಿಕೊಳ್ಳುವುದು ತೋಳನ್ನೇ. ಇದರಲ್ಲಿ ದ್ವೇಷವೇನಿಲ್ಲ. ಅವಳು ಕತ್ತರಿಸಿ, ಹೊಲಿದು, ತೋಳಿಲ್ಲದ ರವಿಕೆಯನ್ನು ನನ್ನ ಕಡೆ ಚಾಚುತ್ತಿದ್ದಳು, ನಾನು ಗೋಡೆಯ ಕಡೆ ತಿರುಗಿ ಕೂತು ತೋಳು ಹಚ್ಚಿ ವಾಪಸು ಕೊಡುತ್ತಿದ್ದೆ. ಹೀಗೇ ವರ್ಷಗಳು ಕಳೆದವು.

ಅವಳಿಗೆ ಡಿಗ್ರಿಗೆ ಒಂದೇ ಒಂದು ಕ್ರೆಡಿಟ್ಟು ಬಾಕಿ ಉಳಿದಿತ್ತು. ಗೃಹವಿಜ್ಞಾನದ್ದನ್ನು ಅವಳಮ್ಮ ಗಿರಿಜಾ ಎದುರು ಬೆಂಚಿನಲ್ಲಿ ಕೂತು ಕೊಟ್ಟಿದ್ದಳು. ಗಿರಿಜಾ ಮಿಗಿಸಿಕೊಂಡದ್ದು ಒಗ್ಗರಣೆ. ಈಗ ಅವಳಿಗೆ ಅನ್ನ ಮಾಡಲು ಬರುವುದಿಲ್ಲ, ಸಾರು ಬರುವುದಿಲ್ಲ, ಒಗ್ಗರಣೆ ಮಾತ್ರ ಘಮ್ಮೆನ್ನುವ ಹಾಗೆ ಬರುತ್ತದೆ. ಯಾವುದಕ್ಕೆ ಹಾಕಬೇಕೆಂದು ತಿಳಿಯದೆ ಸೌಟು ಹಿಡಿದು ಮನೆಯಲ್ಲೆಲ್ಲ ಓಡಾಡುತ್ತಾಳೆ. ಬಾಕಿಯಿದ್ದದ್ದು ಹೊಲಿಗೆಯ ಕ್ರೆಡಿಟ್ಟು. ಅದು ಸಿಕ್ಕರೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ ಕೆಲಸ. ಹೆಡ್‌ಮಿಸ್ಸು ಭಾರ್ಗವಿಗೋಸ್ಕರ ಆ ಜಾಗ ಕಾದಿರಿಸಿದ್ದರು, ಆದರೆ ಬೇಸಿಗೆ ರಜೆ ಮುಗಿಯುವವರೆಗೆ ಮಾತ್ರ ಎಂದಿದ್ದರು.

ಮೊದಲ ಸಲ ಪರೀಕ್ಷೆಗೆ ಹೋದಾಗ ನಾನು ಧೈರ್ಯವಾಗಿಯೇ ಹೋಗಿ ಎದುರು ಬೆಂಚಿನಲ್ಲಿ ಕೂತೆ. ತೋಳಿಲ್ಲದೆ ಪಾಸಿಲ್ಲ ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹಾಲಿನಲ್ಲಿ ನಮ್ಮ ಸಾಲಿನ ತುಂಬ ಮುದುಕ ಮುದುಕಿಯರು. ನನ್ನ ಪಕ್ಕ ಹೋಟೆಲಿನ ಅಡುಗೆ ಭಟ್ಟರು ಹುರಿಗಾಳು ತಿನ್ನುತ್ತಾ ಕೂತಿದ್ದರು, ಮಗ ಪಾಕಶಾಸ್ತ್ರಕ್ಕೆ ಕೂತಿದ್ದ. "ನಮ್ದೇನು ಬಿಡಿ ಅಂಬುಜಮ್ಮ, ಇವತ್ತಿಗೆ ಮುಗೀತು, ಇನ್ನು ಕೂತು ತಿನ್ನೋದು" ಎಂದರು. ಅವರ ಮಗನ ಪಾಸಿನ ಗಂಟೆ ಬಾರಿಸಿದ ಮೇಲೆ ಅವರೇ ನನ್ನ ಮೊಣಕೈ ಮುಟ್ಟಿ, "ಒಂದು ಮಾತು, ನೀರು ಕುದೀತು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಮಗುವಿನ ಹಾಗೆ ಕೇಳಿದರು. ನನ್ನ ಎದುರಿಗೆ ಭಾರ್ಗವಿ ತೋಳನ್ನು ಹೀಗೆ ತಿರುಗಿಸಿ, ಹಾಗೆ ತಿರುಗಿಸಿ, ಒಳಗೆ ಹೊರಗೆ ಮಾಡಿ ನೋಡುತ್ತಿದ್ದಳು. ನನ್ನ ಕೈ ತುರಿಸುತ್ತಿತ್ತು. ಅಷ್ಟು ಸುಲಭದ ಕೆಲಸ, ಇಷ್ಟು ಜಾಣ ಹುಡುಗಿ ತಡಕಾಡುತ್ತಿದ್ದಾಳಲ್ಲ ಎಂದು ಮೈಯೆಲ್ಲ ಉರಿಯಿತು. ಸೂಪರಿಂಟೆಂಡೆಂಟರು, "ಎದುರು ಬೆಂಚಿನವರು ಸನ್ನೆ ಮಾಡಬಾರದು" ಎಂದು ಗದರಿದರು. ನಾನು ಸನ್ನೆಯನ್ನೇ ಮಾಡಿರಲಿಲ್ಲ. ಮಾಡಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ಫೇಲಾದಳು. ಇನ್ನೊಂದು ಸಲ ಕೂತಳು, ಮತ್ತೆ ಫೇಲಾದಳು. ನನಗೆ ಸಿಟ್ಟು ಬಂದದ್ದು ಅವಳು ಕೇಳಲಿಲ್ಲ ಎಂದು. ಕೇಳಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು, ಬೈಯಬಹುದಿತ್ತು, ನನ್ನ ಕಷ್ಟ ಹೇಳಿಕೊಳ್ಳಬಹುದಿತ್ತು. ಅವಳು ಬೆಳಿಗ್ಗೆ ಬರುವುದು, ತೋಳಿಲ್ಲದ ರವಿಕೆ ನನ್ನ ಕಡೆ ಚಾಚುವುದು, ನಾನು ಗೋಡೆಗೆ ತಿರುಗಿಕೊಳ್ಳುವುದು. ಗಿರಿಜಾ ಮಾತ್ರ ಸುಮ್ಮನಿರುವ ಪೈಕಿಯಲ್ಲ. ಒಂದು ಮಧ್ಯಾಹ್ನ ಸೌಟು ಹಿಡಿದೇ ಅಂಗಡಿಗೆ ಬಂದಳು.

"ನಾನು ಇಡೀ ಅಡುಗೇನೇ ಕೊಟ್ಟೆ. ನಿಮ್ಮ ಕೈಲಿ ಒಂದು ತೋಳು ಕೊಡಕ್ಕಾಗಲ್ವಾ ಅತ್ತಿಗೆ?"

"ತೋಳು ಕೊಟ್ರೆ ತೋಳು ಮಾತ್ರ ಹೋಗುತ್ತಾ ಗಿರಿಜಾ? ಅದರ ಹಿಂದೆ ಕತ್ತರಿ ಹಿಡಿಯೋದೂ ಹೋಗುತ್ತೆ. ಆಮೇಲೆ ನಾನೇನು ಮಾಡ್ಲಿ, ನಿನ್ನ ಜೊತೆ ಸೌಟು ಹಿಡ್ಕೊಂಡು ಓಡಾಡ್ಲಾ?"

"ಅವಳು ನೋಡ್ಕೊಳ್ಳಲ್ವಾ ನಿಮ್ಮನ್ನ?"

ನೋಡಿಕೊಳ್ಳುತ್ತಾರಂತೆ. ಈ ಊರಿನಲ್ಲಿ ಎದುರು ಬೆಂಚಿಗೆ ಕರೆಯುವ ಪ್ರತಿಯೊಬ್ಬರೂ ಇದೇ ಮಾತು ಹೇಳುತ್ತಾರೆ. ದಯಾನಂದನೂ ಹೇಳಿದ್ದ. ಸ್ಕೂಟರು ನಿಲ್ಲಿಸಿ ಚೆನ್ನಾಗಿ ನೋಡುತ್ತಾನೆ, ನೋಡಿ ಹೋಗುತ್ತಾನೆ. ನಾನು ಮೆಷಿನ್ನು ತುಳಿಯತೊಡಗಿದೆ, ಅವಳು ಬಾಗಿಲಲ್ಲಿ ನಿಂತು ಇನ್ನೂ ಏನೋ ಹೇಳುತ್ತಲೇ ಇದ್ದಳು.

ಇಷ್ಟೆಲ್ಲ ನಡೆದ ಮೇಲೆ ನಮ್ಮ ಬೀದಿಯಲ್ಲಿ ಒಂದು ನಾಮಕರಣ ಬಂತು. ನಾನು ನನ್ನ ಹಸಿರು ರೇಷ್ಮೆ ಸೀರೆ ಉಟ್ಟು, ಅದರ ರವಿಕೆ ತೊಟ್ಟು ಹೋದೆ. ತೊಟ್ಟುಕೊಳ್ಳುವಾಗಲೇ ಭುಜದ ಹತ್ತಿರ ಏನೋ ಎಳೆದ ಹಾಗಾಯಿತು, ದಪ್ಪಗಾಗಿರಬೇಕು ಎಂದುಕೊಂಡೆ. ತೊಟ್ಟಿಲಿಗೆ ಅಕ್ಷತೆ ಹಾಕಲು ಕೈ ಎತ್ತಿದೆ ನೋಡಿ, ಪರ್ ಎಂದಿತು. ಬಲತೋಳು ಕಂಕುಳಿನಿಂದ ಭುಜದವರೆಗೂ ಕಿತ್ತುಕೊಂಡು ಮೊಣಕೈಗೆ ಜಾರಿ ಬಂತು. ಮಗು ಕೂಡ ಅಳು ನಿಲ್ಲಿಸಿ ನನ್ನನ್ನೇ ನೋಡಿತು. "ಅಯ್ಯೋ ಅಂಬುಜಕ್ಕ, ಯಾರು ಹೊಲಿದಿದ್ರು ಇದನ್ನ?" ಎಂದು ಯಾರೋ ಕೇಳಿದರು, ಅದಕ್ಕೆ ಉಳಿದವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಕೈಯಲ್ಲಿ ಹೊಲಿಸಿಕೊಂಡ ರವಿಕೆ ತೊಟ್ಟವರೇ ಎಲ್ಲರೂ. ಸೆರಗು ಹೊದ್ದು ಮನೆಗೆ ಬಂದು ನೋಡುತ್ತೇನೆ, ಎಡತೋಳು ಬಲಕ್ಕಿದೆ, ಬಲದ್ದು ಎಡಕ್ಕಿದೆ, ಹೊಲಿಗೆ ಹೊಸದು. ಈ ಹುಡುಗಿ ನನ್ನ ಪೆಟ್ಟಿಗೆಯಿಂದ ರವಿಕೆ ತೆಗೆದು, ತೋಳು ಬಿಚ್ಚಿ ಒಳಗೆ ಹೇಗಿದೆ ಎಂದು ನೋಡಿದ್ದಾಳೆ. ಬಿಚ್ಚಿದ್ದನ್ನು ಮತ್ತೆ ಕೂರಿಸಲು ಬಂದಿಲ್ಲ.

ಕಿತ್ತ ತೋಳನ್ನು ಹಿಡಿದುಕೊಂಡೇ ಅಂಗಡಿಗೆ ಹೋದೆ. ಭಾರ್ಗವಿ ಲಂಗಕ್ಕೆ ಲಾಡಿ ಪೋಣಿಸುತ್ತಿದ್ದಳು.

"ಏನೇ ಇದು? ಊರವರ ಮುಂದೆ ನನ್ನ ಮರ್ಯಾದೆ ತೆಗೆದ್ಯಲ್ಲ! ಬೇರೆ ಬಟ್ಟೆ ಸಿಗಲಿಲ್ವಾ ನಿಂಗೆ?"

"ಗಿರಾಕಿಗಳ ಬಟ್ಟೆ ಬಿಚ್ಚಕ್ಕಾಗುತ್ತಾ ಅತ್ತೆ? ನಿಮ್ಮದೇ ಬಿಚ್ಚಿದೆ."

"ಬಾಯಿಬಿಟ್ಟು ಕೇಳಿದ್ರೆ ಏನಾಗ್ತಿತ್ತು?"

ಅವಳು ಲಾಡಿ ಕೆಳಗಿಟ್ಟಳು. ದನಿ ಎತ್ತಲಿಲ್ಲ. ದನಿ ಎತ್ತಿದ್ದರೆ ನಾನೂ ಎತ್ತುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

"ಚಿಕ್ಕವಳಿದ್ದಾಗ್ಲಿಂದ ಕೇಳ್ತಾನೇ ಇದೀನಿ ಅತ್ತೆ. ರವಿಕೆ ಕೊಟ್ಟಾಗೆಲ್ಲ ಕೇಳಿದೀನಿ. ನೀವು ತಿರುಗಿಕೊಂಡ್ರಿ. ನಿಮ್ಮ ಮುಖಕ್ಕಿಂತ ನಿಮ್ಮ ಬೆನ್ನೇ ನಂಗೆ ಚೆನ್ನಾಗಿ ಗೊತ್ತು. ನೀವು ತೋಳು ಕೂರಿಸುವಾಗ ಮೊದ್ಲು ಬಲ ಭುಜ ಏಳುತ್ತೆ, ಆಮೇಲೆ ಕುತ್ತಿಗೆ ಎಡಕ್ಕೆ ವಾಲುತ್ತೆ, ಕೊನೇಲಿ ಒಂದು ಉಸಿರು ಬಿಡ್ತೀರ. ಅಷ್ಟು ಗೊತ್ತು. ಕೈ ಏನು ಮಾಡುತ್ತೆ ಅಂತ ಮಾತ್ರ ಗೊತ್ತಿಲ್ಲ."

ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಯಾರ ಮೇಲೆ ಎಂದು ಗೊತ್ತಾಗದೆ ಕಾಲೇಜಿನ ಮೇಲೆ, ಆ ಗುಡ್ಡದ ಮೇಲೆ, ಸುಮ್ಮನೆ ಟಿಕ್ ಟಿಕ್ ಎನ್ನುವ ಮಾರ್ಕೆಟ್ಟಿನ ಗಡಿಯಾರದ ಮೇಲೆಲ್ಲ ಏರಿತು. ಮೆಷಿನ್ನಿನ ಮುಂದಿನ ಸ್ಟೂಲನ್ನು ಕಾಲಿನಿಂದ ಒದ್ದು ಅವಳ ಕಡೆಗೆ ತಿರುಗಿಸಿದೆ. "ಬಾ ಇಲ್ಲಿ, ಕೂತ್ಕೋ, ಕಣ್ಣು ಬಿಟ್ಟು ನೋಡು, ಎರಡನೇ ಸಲ ಹೇಳಲ್ಲ" ಎಂದೆ. ಎರಡನೇ ಸಲವೂ ಹೇಳಿದೆ, ಮೂರನೇ ಸಲವೂ ಹೇಳಿದೆ. ಏನು ಹೇಳಿಕೊಟ್ಟೆ ಎಂದು ಮಾತ್ರ ಈಗ ನನ್ನನ್ನು ಕೇಳಬೇಡಿ. ನಾನು ಏನೋ ಹೇಳುತ್ತಿದ್ದದ್ದು, ಅವಳು ಬಾಗಿ ನೋಡುತ್ತಿದ್ದದ್ದು, ಅವಳ ಜಡೆ ಮೆಷಿನ್ನಿನ ಚಕ್ರಕ್ಕೆ ತಾಗದಿರಲಿ ಎಂದು ನಾನು ಹಿಂದಕ್ಕೆ ಹಾಕಿದ್ದು, ಇಷ್ಟು ನೆನಪಿದೆ. ಏನನ್ನೂ ಮಿಗಿಸಿಕೊಳ್ಳಲಿಲ್ಲ. ಬೀದಿಯವರಿಗೆ ವಿಷಯ ಗೊತ್ತಾಗಿ, ಒಂದು ಕಾಜವನ್ನಾದರೂ ಇಟ್ಟುಕೊಳ್ಳಬಾರದಿತ್ತಾ ಎಂದು ಬೈದರು. ಕಾಜ ಒಂದನ್ನೇ ಇಟ್ಟುಕೊಂಡು ಏನು ಮಾಡಲಿ, ಊರಿನ ಬಟ್ಟೆಗಳಿಗೆಲ್ಲ ತೂತು ಹಾಕಿಕೊಂಡು ಬರಲೇ?

ಮೂರನೇ ಸಲ ಎದುರು ಬೆಂಚಿನಲ್ಲಿ ಕೂತಾಗ ಸೂಪರಿಂಟೆಂಡೆಂಟರು ನನ್ನನ್ನು ಗುರುತಿಸಿ, "ಮತ್ತೆ ಬಂದ್ರಾ?" ಎಂದರು. ಭಾರ್ಗವಿ ತಲೆ ಎತ್ತಲಿಲ್ಲ. ತೋಳಿನ ಸರದಿ ಬಂದಾಗ ಅವಳ ಬಲ ಭುಜ ಎದ್ದಿತು, ಕುತ್ತಿಗೆ ಎಡಕ್ಕೆ ವಾಲಿತು, ಕೊನೆಗೆ ಒಂದು ಉಸಿರು ಬಿಟ್ಟಳು. ಸೂಪರಿಂಟೆಂಡೆಂಟರು ರವಿಕೆಯನ್ನು ಎತ್ತಿ, ತೋಳಿನೊಳಗೆ ಕೈ ತೂರಿಸಿ ನೋಡಿ, ಗಂಟೆ ಬಾರಿಸಿದರು. ನೋವೇನೂ ಆಗಲಿಲ್ಲ. ಕಣ್ಣು ಕೆಳಗೆ ಮಾಡಿದರೆ ನನ್ನ ಮೈಮೇಲಿನ ರವಿಕೆ ಕಂಡಿತು. ಒಂದು ಬಟ್ಟೆಗೆ ಇನ್ನೊಂದು ಬಟ್ಟೆ ಹೇಗೆ ಹಿಡಿದುಕೊಂಡಿದೆ, ಯಾರು ಹೀಗೆ ಮಾಡಿರಬಹುದು ಎಂದು ನಿಜವಾಗಿಯೂ ಆಶ್ಚರ್ಯವಾಯಿತು. ಭಾರ್ಗವಿ ಓಡಿ ಬಂದು ಕಾಲಿಗೆ ಬಿದ್ದಳು. "ಏಳು, ಏಳು, ಸೀರೆ ಕೊಳೆಯಾಗುತ್ತೆ" ಎಂದೆ. ಮನೆಗೆ ಬಂದ ಮೇಲೆ ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಅವಳಿಗೆ ಕೆಲಸ ಸಿಕ್ಕಿತು. ಅವಳಮ್ಮ ಹೇಳಿದ ಮಾತಿಗೆ ತಪ್ಪದೆ ನನ್ನನ್ನು ನೋಡಿಕೊಳ್ಳುತ್ತಾಳೆ, ಅದರಲ್ಲಿ ದೂರಲು ಏನೂ ಇಲ್ಲ, ಅದೇ ನನ್ನ ತಾಪತ್ರಯ. ಬೆಳಿಗ್ಗೆ ಶಾಲೆಗೆ ಹೋಗುತ್ತಾಳೆ, ಸಂಜೆ ಬಂದು ಅಂಗಡಿಯಲ್ಲಿ ಕೂರುತ್ತಾಳೆ. ನಾನು ಹಗಲೆಲ್ಲ ಬಾಗಿಲು ತೆರೆದುಕೊಂಡು ಕೂತು, ಬಂದವರಿಗೆ ಸಂಜೆ ಬನ್ನಿ ಎನ್ನುತ್ತೇನೆ. ಗೋಡೆಯ ಮೇಲೆ ದಾರಗಳು ತೂಗುತ್ತಿರುತ್ತವೆ. ಮುಟ್ಟಿ ನೋಡುತ್ತೇನೆ, ಗಂಟು ಹಾಕಿದ ದಾರ, ಅಷ್ಟೇ. ಗಿರಿಜಾ ಆಗಾಗ ಬಂದು ಜೊತೆಗೆ ಕೂರುತ್ತಾಳೆ. ನಾನು ಹದಿಮೂರರ ಮಗ್ಗಿ ಹೇಳುತ್ತೇನೆ, ಅವಳು ಒಗ್ಗರಣೆ ಹಾಕುತ್ತಾಳೆ. ಇಬ್ಬರಿಗೂ ಹೀಗೆ ಬೇಜಾರು ಹಿಡಿದು ಕೂತಿದ್ದಾಗ ಒಂದು ಭಾನುವಾರ ಭಾರ್ಗವಿಗೆ ಹೇಳಿದೆ, "ನಂಗೆ ಮೊದಲಿಂದ ಕಲಿಸೇ."

ಕಲಿಸಿದಳು. ನನಗಿಂತ ಒಳ್ಳೆಯ ಟೀಚರು, ಒಪ್ಪಿಕೊಳ್ಳಲೇಬೇಕು. ಸೂಜಿಗೆ ದಾರ ಪೋಣಿಸುವುದರಿಂದ ಶುರುಮಾಡಿದಳು. ದಾರ ಕಣ್ಣಿಗೆ ಹೋಗದೆ ನಾನು ಸೂಜಿಯನ್ನೇ ಬೈದರೆ, "ಪರವಾಗಿಲ್ಲ ಅತ್ತೆ, ತುದಿ ಒದ್ದೆ ಮಾಡಿ ಇನ್ನೊಂದ್ಸಲ ನೋಡಿ" ಎನ್ನುತ್ತಿದ್ದಳು. ಅವಳಿದ್ದ ಜಾಗದಲ್ಲಿ ನಾನಿದ್ದಿದ್ದರೆ ಸ್ಕೇಲಿನಲ್ಲಿ ಬೆರಳಿಗೆ ಬಾರಿಸಿರುತ್ತಿದ್ದೆ. ದಿಂಬಿನ ಚೀಲ ಹೊಲಿದೆ, ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದೆ. ಲಂಗ ಹೊಲಿದೆ. ಕೊನೆಗೆ ಒಂದು ಹತ್ತಿ ಬಟ್ಟೆಯ ರವಿಕೆ ಕತ್ತರಿಸಿದೆ, ಅವಳು ಪಕ್ಕದಲ್ಲಿ ಕೂತು ಎದೆಯ ಹತ್ತಿರ ಮಡಿಕೆ ಹಿಡಿಯುವ ಟಕ್ಸು, ಕೊರಳು, ಬೆನ್ನು, ಬದಿಯ ಹೊಲಿಗೆ, ಒಂದೊಂದನ್ನೂ ತೋರಿಸಿಕೊಟ್ಟಳು. ಎಷ್ಟೋ ದಿನಗಳ ಮೇಲೆ ನನಗೆ ಖುಷಿಯಾಗಿತ್ತು. ತೋಳಿಲ್ಲದ ರವಿಕೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ, ನನ್ನ ಕಣ್ಣಿಗಂತೂ ಚೆನ್ನಾಗಿಯೇ ಇತ್ತು. "ಇನ್ನು ತೋಳು ತಾನೇ?" ಎಂದು ಅವಳ ಕಡೆ ಚಾಚಿದೆ.

"ಹೂಂ ಅತ್ತೆ, ಕೊಡಿ ಇಲ್ಲಿ" ಎಂದು ರವಿಕೆ ಇಸಿದುಕೊಂಡಳು. ಇಸಿದುಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಅವಳ ಬೆನ್ನು ಕಂಡಿತು. ಬಲ ಭುಜ ಎದ್ದಿತು.

"ಏ ಭಾರ್ಗವಿ, ಈ ವಯಸ್ಸಿನಲ್ಲಿ ನಾನ್ಯಾವ ಪರೀಕ್ಷೆಗೆ ಕೂರ್ತೀನೇ?"

"ಏನತ್ತೆ?" ಎಂದು ಕತ್ತು ಹೊರಳಿಸಿ ನೋಡಿದಳು. ಮುಖದಲ್ಲಿ ಕಪಟವಿರಲಿಲ್ಲ, ಹಾಲು ಕುಡಿಯುವ ಮಗುವಿನ ಮುಖ. ತಾನು ತಿರುಗಿ ಕೂತದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಏನಿಲ್ಲ, ಕೈ ಕಾಣ್ತಿಲ್ಲ" ಎಂದೆ. ಎದ್ದು ಸ್ಟೂಲು ಎಳೆದುಕೊಂಡು, ಮೆಷಿನ್ನು ಸುತ್ತಿಕೊಂಡು, ಗೋಡೆಗೂ ಅವಳಿಗೂ ನಡುವೆ ತೂರಿ ಅವಳ ಎದುರಿಗೆ ಹೋಗಿ ಕೂತೆ. "ಹೂಂ, ಈಗ ತೋರಿಸು."

"ನೋಡಿ ಅತ್ತೆ, ಏನೂ ಕಷ್ಟ ಇಲ್ಲ" ಎಂದು ಹೇಳುತ್ತಲೇ ಅವಳು ಬಾಗಿಲ ಕಡೆ ತಿರುಗಿದಳು.